ಕ್ಯಾನುಲಾ ಹಾಕಿದ ಕೈ ಊದಿದ್ರೆ ಐಸಾ, ಬಿಸಿನಾ? ಹೊಸ ಸ್ಟಾಫ್ ನರ್ಸ್ ಕೇಳಿದ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು ಜಿಎನ್‌ಎಂ ಮುಗಿಸಿ ಈಗಷ್ಟೆ ಒಂದು ತಾಲ್ಲೂಕು ಆಸ್ಪತ್ರೇಲಿ ಸ್ಟಾಫ್ ನರ್ಸ್ ಆಗಿ ಸೇರಿದೀನಿ, ಫೀಮೇಲ್ ವಾರ್ಡು, ನೈಟ್ ಡ್ಯೂಟಿ ಜಾಸ್ತಿ. ಹೋದ ವಾರ ಒಬ್ಬ ಅಜ್ಜಿಗೆ ಡ್ರಿಪ್ ಹೋಗ್ತಿದ್ದ ಕೈ ಮೊಣಕೈವರೆಗೂ ಊದ್ಕೊಂಡ್ತು. ಇನ್ನೊಬ್ಬ ಹೆಂಗಸಿಗೆ ಕೈ ಮೇಲೆ ಕೆಂಪು ಗೆರೆ ಬಂದು ಮುಟ್ಟಕ್ಕೂ ಬಿಡ್ತಿರ್ಲಿಲ್ಲ. ಒಬ್ಬ ಸೀನಿಯರ್ ಐಸ್ ಇಡು ಅಂತಾರೆ, ಇನ್ನೊಬ್ರು ಬಿಸಿ ಬಟ್ಟೆ ಅಂತಾರೆ, ಮತ್ತೊಬ್ರು ಮ್ಯಾಗ್‌ಸಲ್ಫ್ (ಮೆಗ್ನೀಸಿಯಂ ಸಲ್ಫೇಟ್) ಗ್ಲಿಸರಿನ್ ಡ್ರೆಸ್ಸಿಂಗ್ ಅಂತಾರೆ. ಯಾವುದು ಸರಿ? ಕ್ಯಾನುಲಾನ 3 ದಿನಕ್ಕೊಮ್ಮೆ ಬದಲಾಯಿಸಲೇಬೇಕಾ? ಟ್ಯೂಬಲ್ಲಿ ಗುಳ್ಳೆ ಕಂಡ್ರೆ ಪೇಷಂಟ್ ಕಡೆಯೋರು ಗಲಾಟೆ ಮಾಡ್ತಾರೆ, ನಿಜವಾಗ್ಲೂ ಅಪಾಯನಾ? ಡ್ರಿಪ್ ಶುರು ಆದ್ಮೇಲೆ ಚಳಿ ಬಂದ್ರೆ, ಉಸಿರು ಕಟ್ಟಿದ್ರೆ ಡಾಕ್ಟರ್ ಬರೋ ತನಕ ನಾನು ಏನು ಮಾಡ್ಬೇಕು?

ಉತ್ತರ: ನೀವು ಹೇಳಿರೋ ಅಜ್ಜಿಗೆ ಆಗಿರೋದೇ ಬೇರೆ, ಆ ಹೆಂಗಸಿಗೆ ಆಗಿರೋದೇ ಬೇರೆ. ಎರಡನ್ನೂ ವಾರ್ಡಲ್ಲಿ "ಲೈನ್ ಔಟ್" ಅಂತ ಒಂದೇ ಹೆಸರಲ್ಲಿ ಕರೆದುಬಿಡ್ತೀವಿ, ಅದಕ್ಕೇ ಮೂರು ಜನ ಸೀನಿಯರ್ ಮೂರು ಥರ ಹೇಳೋದು. ಅವರು ಮೂವರೂ ಪೂರ್ತಿ ತಪ್ಪಲ್ಲ, ಒಬ್ಬೊಬ್ರು ಒಂದೊಂದು ಥರದ ಕೇಸ್ ನೆನಪಿಟ್ಕೊಂಡು ಹೇಳ್ತಿದಾರೆ ಅಷ್ಟೆ.

ಅಜ್ಜಿದು ಇನ್‌ಫಿಲ್ಟ್ರೇಶನ್. ಕ್ಯಾನುಲಾ, ಅಂದ್ರೆ ಡ್ರಿಪ್‌ಗೆ ನರದಲ್ಲಿ (ರಕ್ತನಾಳದಲ್ಲಿ) ಇಡೋ ಸಣ್ಣ ಪ್ಲಾಸ್ಟಿಕ್ ನಳಿಗೆ, ಅದರ ತುದಿ ನರದಿಂದ ಆಚೆ ಬಂದು ಫ್ಲೂಯಿಡ್ ಎಲ್ಲಾ ಚರ್ಮದ ಕೆಳಗೆ ಸೇರ್ಕೊಂಡಿದೆ. ಮುಟ್ಟಿದ್ರೆ ತಣ್ಣಗಿರುತ್ತೆ, ಚರ್ಮ ಬಿಳಿಚಿಕೊಂಡು ಬಿಗಿಯಾಗಿರುತ್ತೆ, ಬೆರಳಲ್ಲಿ ಒತ್ತಿದ್ರೆ ಗುಳಿ ಬೀಳಬಹುದು. ಆ ಹೆಂಗಸಿಂದು ಫ್ಲೆಬೈಟಿಸ್, ಅಂದ್ರೆ ನರದ ಒಳಗೋಡೆನೇ ಉರಿ ಎದ್ದಿರೋದು. ಅಲ್ಲಿ ಜಾಗ ಬೆಚ್ಚಗಿರುತ್ತೆ, ಕೆಂಪಾಗಿರುತ್ತೆ, ನರದ ಉದ್ದಕ್ಕೂ ನೋವು, ಬಿಟ್ರೆ ಹಗ್ಗದ ಥರ ಗಟ್ಟಿ ಆಗೋಕೆ ಶುರು ಆಗುತ್ತೆ. ಹಾಗಾಗಿ ಕೈಯಿಟ್ಟು ನೋಡಿ, ಕಣ್ಣಲ್ಲಿ ನೋಡಿ ಬಿಟ್ರೆ ಸಾಲದು. ಅದೂ ಎರಡೂ ಕೈ ಪಕ್ಕಪಕ್ಕ ಇಟ್ಟು ನೋಡ್ಬೇಕು, ಯಾಕಂದ್ರೆ ವಯಸ್ಸಾದವರ ಚರ್ಮ ಸಡಿಲ ಇರುತ್ತೆ, ನೂರಿನ್ನೂರು ಎಂಎಲ್ ಒಳಗೆ ಹೋಗಿದ್ರೂ ನೋವು ಅನ್ನಲ್ಲ, ಫ್ಲೂಯಿಡ್ ಕೆಳಗಡೆಗೆ ಇಳಿದು ಮೊಣಕೈ ಹಿಂದೆ ತುಂಬ್ಕೊಂಡಿರುತ್ತೆ, ಮೇಲಿಂದ ನೋಡಿದ್ರೆ ಎಲ್ಲಾ ಚೆನ್ನಾಗೇ ಕಾಣುತ್ತೆ.

ಇಲ್ಲಿ ನಮ್ಮವರು ಹೆಚ್ಚಿಗೆ ಮೋಸ ಹೋಗೋದು ಬ್ಲಡ್ ಬ್ಯಾಕ್‌ಫ್ಲೋ ನಂಬ್ಕೊಂಡು. ಬಾಟ್ಲಿ ಕೆಳಗಿಳಿಸಿದ್ರೆ ರಕ್ತ ಬರ್ತಿದೆ ಸಿಸ್ಟರ್, ಲೈನ್ ಒಳಗೇ ಇದೆ ಅಂತಾರೆ. ರಕ್ತ ಬಂದ್ರೂ ಲೈನ್ ಕೆಟ್ಟಿರಬಹುದು. ತುದಿ ಅರ್ಧ ಒಳಗೆ ಅರ್ಧ ಹೊರಗೆ ಇದ್ರೆ, ಇಲ್ಲಾ ಒಂದೇ ನರಕ್ಕೆ ಎರಡು ಕಡೆ ಚುಚ್ಚಿ ಮೊದಲಿನ ತೂತಿಂದ ಸೋರ್ತಿದ್ರೆ ರಕ್ತಾನೂ ಬರುತ್ತೆ, ಕೈನೂ ಊದುತ್ತೆ. ಇನ್ನೊಂದು ಕಡೆ, ಸಣ್ಣ ನರದಲ್ಲಿ ಚೆನ್ನಾಗಿ ಹೋಗ್ತಿರೋ ಲೈನಲ್ಲೂ ಕೆಲವು ಸಲ ರಕ್ತ ವಾಪಸ್ ಬರಲ್ಲ. ಇದಕ್ಕಿಂತ ಒಳ್ಳೆ ಟೆಸ್ಟ್ ಏನಂದ್ರೆ ಕ್ಯಾನುಲಾ ತುದಿ ಎಲ್ಲಿರಬಹುದೋ ಅದಕ್ಕಿಂತ ಸ್ವಲ್ಪ ಮೇಲೆ, ಹೃದಯದ ಕಡೆಗೆ, ನರನ ಬೆರಳಲ್ಲಿ ಒತ್ತಿ ಹಿಡೀರಿ. ಡ್ರಿಪ್ ನಿಂತ್ರೆ ಇಲ್ಲಾ ತೀರಾ ನಿಧಾನ ಆದ್ರೆ ಲೈನ್ ನರದಲ್ಲಿದೆ. ಒತ್ತಿದ್ರೂ ತನ್ನ ಪಾಡಿಗೆ ತಾನು ತೊಟ್ಟಿಕ್ತಾ ಇದ್ರೆ ಅದು ಹೊರಗಡೆನೇ ಹೋಗ್ತಿದೆ.

ಈಗ ಐಸಾ ಬಿಸಿನಾ ಅನ್ನೋದಕ್ಕೆ ಬರೋಣ. ಅದಕ್ಕೂ ಮುಂಚೆ ಮಾಡ್ಬೇಕಾದ್ದು ಡ್ರಿಪ್ ನಿಲ್ಲಿಸೋದು ಮತ್ತೆ ಕ್ಯಾನುಲಾ ತೆಗೆಯೋದು. ನಾನು ವಾರ್ಡಲ್ಲಿ ಕಂಡ ಕೆಟ್ಟ ಕೇಸುಗಳಲ್ಲಿ ಹೆಚ್ಚಿನವು ಲೈನ್ ಉಳಿಸಕ್ಕೆ ಹೋಗಿ ಆಗಿದ್ದು. ಇನ್ನೊಂದೇ ಡೋಸ್ ಇದೆ, ಬೆಳಿಗ್ಗೆ ಡಿಸ್ಚಾರ್ಜ್ ಇದೆ, ಈ ಅಜ್ಜಿಗೆ ನರ ಸಿಗೋದೇ ಕಷ್ಟ, ಸ್ವಲ್ಪ ಅಡ್ಜಸ್ಟ್ ಮಾಡಿ ಹಿಂದಕ್ಕೆ ಎಳೆದು ಪ್ಲಾಸ್ಟರ್ ಹಾಕೋಣ, ಜೋರಾಗಿ ಫ್ಲಶ್ ಮಾಡಿ ಓಪನ್ ಮಾಡೋಣ, ಹೀಗೆ. ಬ್ಲಾಕ್ ಆಗಿರೋ ಕ್ಯಾನುಲಾನ 2 ಎಂಎಲ್ ಸಿರಿಂಜಲ್ಲಿ ಒತ್ತಿ ಓಪನ್ ಮಾಡೋದನ್ನ ದಯವಿಟ್ಟು ಕಲೀಬೇಡಿ. ಸಿರಿಂಜ್ ಚಿಕ್ಕದಾದಷ್ಟೂ ಒತ್ತಡ ಜಾಸ್ತಿ, ತುದೀಲಿದ್ದ ರಕ್ತದ ಗೆಡ್ಡೆ ನರದೊಳಕ್ಕೆ ಹೋಗುತ್ತೆ, ಇಲ್ಲಾ ನರನೇ ಒಡೆಯುತ್ತೆ. ಫ್ಲಶ್‌ಗೆ 10 ಎಂಎಲ್ ಸಿರಿಂಜ್ ತಗೊಳ್ಳಿ, ಸುಲಭವಾಗಿ ಹೋಗ್ಲಿಲ್ಲ ಅಂದ್ರೆ ಆ ಲೈನ್ ಮುಗೀತು. ಪೇಷಂಟ್ ಸಿಸ್ಟರ್ ಉರೀತಿದೆ ಅಂದ್ರೆ ಉರೀತಾನೇ ಇರುತ್ತೆ, ಇಂಜೆಕ್ಷನ್ ಅಂದ್ರೆ ಉರಿಯೋದೇ ಅಂತ ಹೇಳಿ ಮುಂದೆ ಹೋಗ್ಬೇಡಿ.

ತೆಗೆದಾದ್ಮೇಲೆ, ಫ್ಲೆಬೈಟಿಸ್‌ಗೆ ಬಿಸಿ. ಒದ್ದೆ ಬೆಚ್ಚಗಿನ ಬಟ್ಟೆ ದಿನಕ್ಕೆ ಮೂರು ನಾಲ್ಕು ಸಲ, ಹದಿನೈದಿಪ್ಪತ್ತು ನಿಮಿಷ, ಕೈ ದಿಂಬಿನ ಮೇಲೆ ಎತ್ತರಕ್ಕೆ. ನಿಮ್ಮ ಕೈಯಲ್ಲಿ ಬಿಸಿ ನೋಡ್ಕೊಂಡು ಇಡಿ, ಶುಗರ್ ಇರೋರಿಗೆ ಸ್ಪರ್ಶ ಗೊತ್ತಾಗದೆ ಬೊಬ್ಬೆ ಬಂದಿರೋದು ನೋಡಿದೀನಿ. ಥ್ರಾಂಬೋಫೋಬ್ ಅಥವಾ ಡೈಕ್ಲೋಫೆನಾಕ್ ಜೆಲ್ ಡಾಕ್ಟರ್ ಬರೆದ್ರೆ ಮೆತ್ತಗೆ ಸವರಿ, ತಿಕ್ಕಿ ಮಸಾಜ್ ಮಾಡೋ ಹಾಗಿಲ್ಲ, ಒಳಗೆ ಗೆಡ್ಡೆ ಇರಬಹುದು. ಅಜ್ಜಿ ಥರದ ಕೇಸಲ್ಲಿ, ಒಳಗೆ ಸೇರಿರೋದು ಬರೀ ನಾರ್ಮಲ್ ಸಲೈನ್ ಅಥವಾ ಆರ್‌ಎಲ್ (ರಿಂಗರ್ ಲ್ಯಾಕ್ಟೇಟ್) ಆಗಿದ್ರೆ ಬಿಸಿ ಇಟ್ರೂ ಸರಿ, ತಣ್ಣಗಿರೋದು ಇಟ್ರೂ ಸರಿ, ಅವರಿಗೆ ಯಾವುದು ಹಿತ ಅನ್ಸುತ್ತೋ ಅದು. ಕೈ ಎತ್ತರಕ್ಕಿಡೋದು ಮುಖ್ಯ, ಒಂದೆರಡು ದಿನದಲ್ಲಿ ತಾನಾಗೇ ಇಳಿಯುತ್ತೆ. ಆದ್ರೆ ಬೆರಳು ಜೋಮು ಹಿಡಿದ್ರೆ, ಬೆರಳನ್ನ ನೀವು ನೇರ ಮಾಡಿದಾಗ ತಡ್ಕೊಳ್ಳಕ್ಕಾಗದ ನೋವು ಬಂದ್ರೆ, ಉಗುರು ಒತ್ತಿ ಬಿಟ್ಟಾಗ ಬಣ್ಣ ಬೇಗ ವಾಪಸ್ ಬರ್ಲಿಲ್ಲ ಅಂದ್ರೆ ಅದು ಕಂಪಾರ್ಟ್‌ಮೆಂಟ್ ಸಿಂಡ್ರೋಮ್ (ಒಳಗಿನ ಒತ್ತಡಕ್ಕೆ ರಕ್ತ ಓಡಾಟ ನಿಲ್ಲೋದು) ಇರಬಹುದು, ರಾತ್ರಿ ಎರಡು ಗಂಟೆ ಆದ್ರೂ ಡಾಕ್ಟರ್‌ನ ಎಬ್ಬಿಸಿ. ಬೆಳಿಗ್ಗೆ ರೌಂಡ್ಸಲ್ಲಿ ತೋರಿಸೋಣ ಅನ್ನೋ ವಿಷ್ಯ ಅಲ್ಲ ಅದು.

ಮ್ಯಾಗ್‌ಸಲ್ಫ್ ಗ್ಲಿಸರಿನ್ ಬಗ್ಗೆ ನನ್ನ ಅಭಿಪ್ರಾಯ ಕೇಳಿದ್ರೆ, ಊತ ಇಳಿಸುತ್ತೆ ಅಂತ ನಮ್ಮ ದೇಶದ ನರ್ಸಿಂಗ್ ಕಾಲೇಜುಗಳಲ್ಲಿ ಎಷ್ಟೋ ಸಣ್ಣ ಸಣ್ಣ ಸ್ಟಡಿ ಮಾಡಿದಾರೆ, ದೊಡ್ಡ ಗಟ್ಟಿ ಪುರಾವೆ ಅಂತ ಇಲ್ಲ. ಚರ್ಮ ಒಡೆದಿಲ್ಲ ಅಂದ್ರೆ ಹಾಕಿದ್ರೆ ತೊಂದ್ರೆನೂ ಇಲ್ಲ. ನನಗೆ ಅದರ ಮೇಲೆ ಇರೋ ಸಿಟ್ಟು ಬೇರೆ ಕಾರಣಕ್ಕೆ, ಡ್ರೆಸ್ಸಿಂಗ್ ಸುತ್ತಿಬಿಟ್ರೆ ಕೆಲಸ ಆಯ್ತು ಅಂತ ಅಂದ್ಕೊಂಡು ಕೆಳಗೆ ಏನಾಗ್ತಿದೆ ಅಂತ ಮರುದಿನದವರೆಗೂ ಯಾರೂ ಬಿಚ್ಚಿ ನೋಡಲ್ಲ.

ಇಲ್ಲಿವರೆಗೆ ಹೇಳಿದ್ದು ಸಾದಾ ಫ್ಲೂಯಿಡ್ ಕತೆ. ಒಳಗೆ ಸೇರಿದ್ದು ಅಂಗಾಂಶನ ಸುಡೋ ಔಷಧಿ ಆದ್ರೆ ಅದಕ್ಕೆ ಎಕ್ಸ್‌ಟ್ರಾವಸೇಶನ್ ಅಂತಾರೆ, ಅಲ್ಲಿ ನಿಯಮ ಬದಲಾಗುತ್ತೆ. ಕೀಮೋ ವಾರ್ಡಲ್ಲಿ ಮಾತ್ರ ಆಗೋದು ಅಂತ ಅಂದ್ಕೊಬೇಡಿ. ನಿಮ್ಮ ಟ್ರೇಲೇ ಇದಾವೆ: ಬಿಪಿ ಏರಿಸೋ ನಾರ್‌ಅಡ್ರಿನಲಿನ್ (ನಾರ್‌ಅಡ್), ಕ್ಯಾಲ್ಸಿಯಂ ಗ್ಲುಕೋನೇಟ್, ಪೊಟ್ಯಾಸಿಯಂ ಕ್ಲೋರೈಡ್, 25% ಡೆಕ್ಸ್‌ಟ್ರೋಸ್, ಫೆನಿಟೋಯಿನ್, ಪ್ರೊಮೆಥಜಿನ್. ಶಾಕಲ್ಲಿರೋ ಪೇಷಂಟ್‌ನ 108ರಲ್ಲಿ ಜಿಲ್ಲಾಸ್ಪತ್ರೆಗೆ ಕಳಿಸ್ತೀವಲ್ಲ, ಮುಂಗೈ ಹಿಂದಿನ ಸಣ್ಣ ನರದಲ್ಲಿ ನಾರ್‌ಅಡ್ ಓಡ್ತಿರುತ್ತೆ, ಮೇಲೆ ಕಂಬಳಿ ಹೊದಿಸಿರ್ತೀವಿ, ಗಂಟೆಗಟ್ಟಲೆ ದಾರಿ, ಯಾರೂ ಕೈ ನೋಡಿರಲ್ಲ, ಅಲ್ಲಿ ಇಳಿಸೋ ಹೊತ್ತಿಗೆ ಚರ್ಮ ಸೀಸದ ಬಣ್ಣಕ್ಕೆ ತಿರುಗಿರುತ್ತೆ. ನಾರ್‌ಅಡ್ ಕೊಡಲೇಬೇಕಾದ್ರೆ ಮೊಣಕೈ ಕೆಳಗಿನ ಮುಂದೋಳಲ್ಲಿ ದಪ್ಪ ನರ ಹಿಡೀರಿ, ಆ ಕೈನ ಕಂಬಳಿ ಹೊರಗಿಡಿ.

ಇಂಥ ಔಷಧಿ ಹೊರಗೆ ಹೋಗಿದೆ ಅನ್ನೋ ಅನುಮಾನ ಬಂದ್ರೂ ಸಾಕು, ತಕ್ಷಣ ನಿಲ್ಲಿಸಿ, ಆದ್ರೆ ಇಲ್ಲಿ ಕ್ಯಾನುಲಾ ಕೂಡ್ಲೆ ಕೀಳಬೇಡಿ. ಫ್ಲಶ್ ಕೂಡ ಮಾಡಬೇಡಿ, ಫ್ಲಶ್ ಮಾಡಿದ್ರೆ ಉಳಿದಿದ್ದನ್ನೂ ಒಳಗೆ ನೂಕಿದಂಗೆ. ಟ್ಯೂಬ್ ಬಿಚ್ಚಿ ಖಾಲಿ ಸಿರಿಂಜ್ ಹಾಕಿ ಎಷ್ಟು ಬರುತ್ತೋ ಅಷ್ಟು ಮೆಲ್ಲಗೆ ಎಳೀರಿ, ಊತದ ಅಂಚಿಗೆ ಪೆನ್ನಲ್ಲಿ ಗೆರೆ ಹಾಕಿ ಟೈಮ್ ಬರೀರಿ, ಡಾಕ್ಟರ್‌ಗೆ ಹೇಳಿ, ಕೈ ಎತ್ತರಕ್ಕಿಡಿ, ಆಂಟಿಡೋಟ್ (ಪ್ರತಿ ಔಷಧಿ) ಅದೇ ಕ್ಯಾನುಲಾದಿಂದ ಕೊಡೋದಿಲ್ಲ ಅಂತಾದ್ಮೇಲೆ ತೆಗೀರಿ. ನಾರ್‌ಅಡ್ರಿನಲಿನ್‌ಗೆ ಐಸ್ ಇಡಲೇಬಾರದು, ಮೊದಲೇ ರಕ್ತನಾಳ ಮುಚ್ಕೊಂಡಿರುತ್ತೆ. ಅದಕ್ಕೆ ಫೆಂಟೋಲಮಿನ್ ಅನ್ನೋ ಆಂಟಿಡೋಟ್ ಇದೆ, ತಾಲ್ಲೂಕು ಮಟ್ಟದಲ್ಲಿ ಸಿಗೋದು ಅಪರೂಪ, ಟರ್ಬ್ಯುಟಲಿನ್ ಇಂಜೆಕ್ಷನ್ನೋ ನೈಟ್ರೋಗ್ಲಿಸರಿನ್ ಮುಲಾಮೋ ಅಂತ ಡಾಕ್ಟರ್ ತೀರ್ಮಾನ ಮಾಡ್ತಾರೆ. ಕೀಮೋದಲ್ಲಿ ವಿನ್‌ಕ್ರಿಸ್ಟಿನ್‌ಗೆ ಬಿಸಿ, ಡಾಕ್ಸೊರುಬಿಸಿನ್‌ಗೆ ತಣ್ಣಗೆ. ನೋಡಿ, ನಿಮ್ಮ ಸೀನಿಯರ್‌ಗಳ ಜಗಳ ಇಲ್ಲಿಂದ ಬಂದಿರೋದು. ಔಷಧಿ ಯಾವುದು ಅಂತ ಕೇಳದೆ ಐಸ್ ಅಂತಲೂ ಹೇಳಕ್ಕಾಗಲ್ಲ, ಬಿಸಿ ಅಂತಲೂ ಹೇಳಕ್ಕಾಗಲ್ಲ.

ಫೆನಿಟೋಯಿನ್ ವಿಷ್ಯ ಪ್ರತ್ಯೇಕ ಹೇಳ್ತೀನಿ, ಫಿಟ್ಸ್ ಕೇಸ್ ನಿಮಗೆ ದಿನಾ ಬರುತ್ತೆ. ಅದರ ಪಿಎಚ್ ಸುಮಾರು 12, ಬಟ್ಟೆ ಸೋಡಾ ಇದ್ದಂಗೆ. ನಾರ್ಮಲ್ ಸಲೈನಲ್ಲೇ ಬೆರೆಸ್ಬೇಕು, ಡೆಕ್ಸ್‌ಟ್ರೋಸಲ್ಲಿ ಹಾಕಿದ್ರೆ ಹರಳು ಕಟ್ಟುತ್ತೆ. ದೊಡ್ಡವರಿಗೆ ನಿಮಿಷಕ್ಕೆ 50 ಮಿಲಿಗ್ರಾಂಗಿಂತ ಜೋರಾಗಿ ಹೋಗ್ಬಾರ್ದು, ವಯಸ್ಸಾದವರಿಗೆ, ಹಾರ್ಟ್ ತೊಂದ್ರೆ ಇರೋರಿಗೆ ಇನ್ನೂ ನಿಧಾನ, ಬಿಪಿ ಬೀಳುತ್ತೆ, ಹಾರ್ಟ್ ರಿದಮ್ ಕೆಡುತ್ತೆ. ಮುಂಗೈ ನರದಲ್ಲಿ ಕೊಟ್ರೆ ಕೈಯೆಲ್ಲಾ ನೇರಳೆ ಬಣ್ಣಕ್ಕೆ ತಿರುಗಿ ಊದಬಹುದು, ಪರ್ಪಲ್ ಗ್ಲವ್ ಸಿಂಡ್ರೋಮ್ ಅಂತ ಅದಕ್ಕೆ ಹೆಸರೇ ಇದೆ.

3 ದಿನದ ಪ್ರಶ್ನೆ. ಹಿಂದೆ 72 ಗಂಟೆಗೆ ಕಿತ್ತು ಹೊಸದು ಹಾಕೋದು ನಿಯಮ ಆಗಿತ್ತು. 2012ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಲ್ಲಿ ಕ್ಲೇರ್ ರಿಕಾರ್ಡ್ ಅನ್ನೋ ನರ್ಸಿಂಗ್ ಪ್ರೊಫೆಸರ್ ತಂಡ 3283 ಪೇಷಂಟ್‌ಗಳ ಮೇಲೆ ಮಾಡಿದ ಸ್ಟಡಿ ಲ್ಯಾನ್ಸೆಟ್ ಪತ್ರಿಕೇಲಿ ಬಂತು. ಒಂದು ಗುಂಪಿಗೆ ಮೂರನೇ ದಿನ ಬದಲಾಯಿಸಿದ್ರು, ಇನ್ನೊಂದು ಗುಂಪಿಗೆ ತೊಂದ್ರೆ ಕಂಡಾಗ ಮಾತ್ರ. ಎರಡೂ ಕಡೆ ಫ್ಲೆಬೈಟಿಸ್ 7% ಅಷ್ಟೆ, ಸುಮ್ನೆ ಚುಚ್ಚಿಸಿಕೊಂಡಿದ್ದಷ್ಟೆ ಲಾಭ. ಅದಾದ್ಮೇಲೆ ತೊಂದ್ರೆ ಕಂಡಾಗ ಬದಲಾಯಿಸಿ ಅನ್ನೋ ಕಡೆಗೆ ಎಷ್ಟೋ ಕಡೆ ವಾಲಿದ್ರು. ಆದ್ರೆ ಇದನ್ನ ಅರ್ಧ ಓದ್ಬೇಡಿ. ತೊಂದ್ರೆ ಕಂಡಾಗ ಅಂದ್ರೆ ಕಾಣೋಕೆ ಯಾರಾದ್ರೂ ಪ್ರತಿ ಶಿಫ್ಟಲ್ಲಿ ನೋಡ್ತಿರಬೇಕು. ರಾತ್ರಿ ಇಡೀ ವಾರ್ಡಿಗೆ ಒಬ್ಬರೇ ಸಿಸ್ಟರ್ ಇರೋ ಕಡೆ, ದಿನಾಂಕ ಬರೆಯದೆ ಮೈಕ್ರೋಪೋರ್ ಸುತ್ತಿಬಿಡೋ ಕಡೆ, 72ರಿಂದ 96 ಗಂಟೆಗೆ ಬದಲಾಯಿಸೋ ಹಳೇ ಪದ್ಧತಿನೇ ಸೇಫು ಅಂತ ನನ್ನ ಅನಿಸಿಕೆ. ನಿಮ್ಮ ಆಸ್ಪತ್ರೆ ಪ್ರೋಟೋಕಾಲ್ ಏನಿದೆಯೋ ಅದನ್ನ ಫಾಲೋ ಮಾಡಿ. ಕ್ಯಾಶುಅಲ್ಟೀಲಿ ಗಡಿಬಿಡೀಲಿ ಸರಿಯಾಗಿ ಕ್ಲೀನ್ ಮಾಡದೆ ಹಾಕಿರೋ ಕ್ಯಾನುಲಾನ ಮಾತ್ರ 48 ಗಂಟೆ ಒಳಗೆ ಬದಲಾಯಿಸಿ, ಇದರಲ್ಲಿ ಚೌಕಾಸಿ ಬೇಡ. ಮತ್ತೆ ಡ್ರಿಪ್ ಇಲ್ಲ, ಇಂಜೆಕ್ಷನ್ ಎಲ್ಲಾ ಮಾತ್ರೆ ಆಗಿದೆ, ಆದ್ರೂ ಇರ್ಲಿ ಅಂತ ಇಟ್ಟಿರೋ ಕ್ಯಾನುಲಾ ಎಷ್ಟಿರುತ್ತೆ ನಿಮ್ಮ ವಾರ್ಡಲ್ಲಿ, ಇವತ್ತೇ ಎಣಿಸಿ ನೋಡಿ.

ನೋಡೋದಕ್ಕೆ ವಿಐಪಿ ಸ್ಕೋರ್ ಕಲ್ತುಕೊಳ್ಳಿ, ದೊಡ್ಡ ಮನುಷ್ಯರ ವಿಐಪಿ ಅಲ್ಲ, ವಿಶುಅಲ್ ಇನ್‌ಫ್ಯೂಶನ್ ಫ್ಲೆಬೈಟಿಸ್ ಅಂತ. ಸೊನ್ನೆ ಅಂದ್ರೆ ಚೆನ್ನಾಗಿದೆ. ಸ್ವಲ್ಪ ನೋವು ಇಲ್ಲಾ ಸ್ವಲ್ಪ ಕೆಂಪು ಯಾವುದಾದ್ರೂ ಒಂದಿದ್ರೆ 1, ಕಣ್ಣಿಟ್ಟಿರಿ. ನೋವು, ಕೆಂಪು, ಊತ ಇದರಲ್ಲಿ ಎರಡಿದ್ರೆ 2, ಅಲ್ಲಿಗೆ ಕ್ಯಾನುಲಾ ತೆಗೀಲೇಬೇಕು. ನರದ ದಾರಿ ಉದ್ದಕ್ಕೂ ನೋವು, ಕೆಂಪು, ಗಟ್ಟಿತನ ಬಂದ್ರೆ 3, ಹಗ್ಗದ ಥರ ಕೈಗೆ ಸಿಕ್ಕಿದ್ರೆ 4, ಜೊತೆಗೆ ಜ್ವರ ಬಂದ್ರೆ 5. ನೀವು ಬರೆದಿರೋ ಹೆಂಗಸು ಕಡಿಮೆ ಅಂದ್ರೂ 2 ದಾಟಿದ್ರು.

ಹಾಕುವಾಗ್ಲೇ ಅರ್ಧ ತೊಂದ್ರೆ ತಪ್ಪಿಸಬಹುದು. ಕೆಲಸ ನಡೆಯೋ ಅಷ್ಟು ಸಣ್ಣ ಕ್ಯಾನುಲಾ ಸಾಕು. ನಂಬರ್ ಜಾಸ್ತಿ ಆದಷ್ಟೂ ಕ್ಯಾನುಲಾ ಸಣ್ಣದು, ವಾರ್ಡ್ ಪೇಷಂಟ್‌ಗೆ 20ರ ಪಿಂಕು, ವಯಸ್ಸಾದವರಿಗೆ 22ರ ನೀಲಿ ಧಾರಾಳ ಆಯ್ತು. ಹೆರಿಗೆ ವಾರ್ಡು, ಆಪರೇಶನ್ನು, ಆಕ್ಸಿಡೆಂಟು ಅಂದ್ರೆ 18ರ ಹಸಿರು, ಬ್ಲೀಡಿಂಗ್ ಇದ್ರೆ ಎರಡೂ ಕೈಗೆ 16ರ ಬೂದಿ ಬಣ್ಣದ್ದು. ಎಲ್ಲರಿಗೂ ಹಸಿರು ಚುಚ್ಚೋದು ಶೌರ್ಯ ಅಲ್ಲ, ದಪ್ಪ ಕ್ಯಾನುಲಾ ನರನ ತುಂಬ್ಕೊಂಡ್ರೆ ಪಕ್ಕದಲ್ಲಿ ರಕ್ತ ಹರಿಯಲ್ಲ, ಔಷಧಿ ತೆಳು ಆಗಲ್ಲ, ಗೋಡೆ ಸುಡುತ್ತೆ. ಮಣಿಕಟ್ಟು, ಮೊಣಕೈ ಮಡಚೋ ಜಾಗ ಬಿಡಿ, ಮುಂದೋಳು ಒಳ್ಳೇದು. ಸ್ತನದ ಆಪರೇಶನ್ ಆದ ಕಡೆ ಕೈ, ಡಯಾಲಿಸಿಸ್ ಫಿಸ್ಟುಲಾ ಇರೋ ಕೈ ಮುಟ್ಟಬಾರದು. ದೊಡ್ಡವರಿಗೆ ಕಾಲಲ್ಲಿ ಹಾಕೋದು ತೀರಾ ಗತಿ ಇಲ್ಲದಾಗ ಮಾತ್ರ, ಶುಗರ್ ಪೇಷಂಟ್‌ಗಂತೂ ಬೇಡವೇ ಬೇಡ. ಸ್ಪಿರಿಟ್ ಅಥವಾ ಕ್ಲೋರ್‌ಹೆಕ್ಸಿಡಿನ್ ಹಚ್ಚಿದ ಮೇಲೆ ಅದು ಒಣಗ್ಬೇಕು, ಊದಿ ಒಣಗಿಸ್ಬೇಡಿ, ಒಣಗಿದ ಮೇಲೆ ಮತ್ತೆ ಬೆರಳಿಟ್ಟು ನರ ಹುಡುಕಿದ್ರೆ ಕ್ಲೀನ್ ಮಾಡಿದ್ದು ದಂಡ. ಎರಡು ಸಲ ಚುಚ್ಚಿ ಸಿಗ್ಲಿಲ್ಲ ಅಂದ್ರೆ ಬೇರೆಯವರನ್ನ ಕರೀರಿ, ಅದರಲ್ಲಿ ಅವಮಾನ ಏನಿಲ್ಲ. ಮತ್ತೆ ಒಂದ್ಸಲ ಹಿಂದಕ್ಕೆಳೆದ ಸೂಜೀನ ಯಾವ ಕಾರಣಕ್ಕೂ ಪ್ಲಾಸ್ಟಿಕ್ ಒಳಗೆ ವಾಪಸ್ ತೂರಿಸ್ಬೇಡಿ, ಸೂಜಿ ತುದಿ ಪ್ಲಾಸ್ಟಿಕ್‌ನ ಕುಯ್ದು ಆ ತುಂಡು ರಕ್ತದಲ್ಲಿ ತೇಲ್ಕೊಂಡು ಹೋಗುತ್ತೆ.

ಇನ್ನೊಂದು ದುರಭ್ಯಾಸ ಇದೆ, ಎಲ್ಲಾ ಕಡೆ ನೋಡಿದೀನಿ. ಬೆಳಿಗ್ಗೆ ಒಂದು 100 ಎಂಎಲ್ ಸಲೈನ್ ಬಾಟ್ಲಿಗೆ ಸೂಜಿ ಚುಚ್ಚಿ ಟ್ರಾಲಿ ಮೇಲೆ ಇಟ್ರೆ ಸಂಜೆವರೆಗೂ ವಾರ್ಡಿಗೆಲ್ಲಾ ಅದರಿಂದಲೇ ಫ್ಲಶ್. ಒಬ್ರ ಸಿರಿಂಜ್ ತುದಿಯಿಂದ ಒಳಗೆ ಹೋದ ಬ್ಯಾಕ್ಟೀರಿಯಾ ಆ ಬೆಚ್ಚಗಿನ ವಾರ್ಡಲ್ಲಿ ದಿನವಿಡೀ ಬೆಳೆದು ಇಪ್ಪತ್ತು ಜನರ ರಕ್ತಕ್ಕೆ ಹೋಗುತ್ತೆ. ಬಾಟ್ಲಿ ಬೇಗ ಇಳೀಲಿ ಅಂತ ಮೇಲ್ಗಡೆ ಸೂಜಿ ಚುಚ್ಚಿ ಗಾಳಿ ಬಿಡೋದೂ ಅದೇ ಜಾತಿ, ವಾರ್ಡಿನ ಗಾಳಿ ಧೂಳೆಲ್ಲಾ ನೇರ ಫ್ಲೂಯಿಡ್ ಒಳಕ್ಕೆ. ಇಂಜೆಕ್ಷನ್ ಕೊಡೋ ಮುಂಚೆ ಪೋರ್ಟ್‌ನ ಸ್ಪಿರಿಟ್ ಸ್ವಾಬಲ್ಲಿ ಹದಿನೈದು ಸೆಕೆಂಡ್ ತಿಕ್ಕಿ ಒಣಗಕ್ಕೆ ಬಿಡಿ, ಸುಮ್ನೆ ಒಂದ್ಸಲ ಒರೆಸೋದು ಶಾಸ್ತ್ರಕ್ಕೆ ಮಾತ್ರ.

ಗುಳ್ಳೆ ವಿಚಾರ. ಟ್ಯೂಬಲ್ಲಿ ಕಾಣೋ ಸಣ್ಣ ಸಣ್ಣ ಗುಳ್ಳೆಯಿಂದ ಸಾಮಾನ್ಯವಾಗಿ ದೊಡ್ಡವರಿಗೆ ಏನೂ ಆಗಲ್ಲ, ಶ್ವಾಸಕೋಶದಲ್ಲಿ ಕರಗಿ ಹೋಗುತ್ತೆ. ಜೀವ ತೆಗೆಯೋ ಪ್ರಮಾಣ ಅಂದ್ರೆ ಒಂದೇ ಸಲಕ್ಕೆ ಕೆಜಿಗೆ 3ರಿಂದ 5 ಎಂಎಲ್ ಅಂತ ಅಂದಾಜಿದೆ, ಅಂದ್ರೆ ಇಡೀ ಡ್ರಿಪ್ ಸೆಟ್ ಖಾಲಿ ಇದ್ರೂ ಅಷ್ಟು ಗಾಳಿ ಹಿಡಿಯಲ್ಲ. ಬಾಟ್ಲಿ ಖಾಲಿ ಆದ್ರೆ ಗಾಳಿ ಹೋಗಿ ಸಾಯ್ತಾರೆ ಅಂತ ಮನೆಯೋರು ರಾತ್ರಿಯೆಲ್ಲಾ ಬಾಟ್ಲಿನೇ ನೋಡ್ತಾ ಕೂತಿರ್ತಾರೆ, ಕೈ ಡ್ರಿಪ್ಪಲ್ಲಿ ಸಾಧಾರಣವಾಗಿ ಟ್ಯೂಬಲ್ಲಿ ನೀರು ಅರ್ಧಕ್ಕೆ ನಿಂತು ರಕ್ತ ಹಿಂದಕ್ಕೆ ಬರುತ್ತೆ ಅಷ್ಟೆ. ಆದ್ರೂ ಗುಳ್ಳೆ ಬಿಡಿ ಅಂತ ನಾನು ಹೇಳ್ತಿಲ್ಲ. ಹಸುಗೂಸಿಗೆ, ಹೃದಯದಲ್ಲಿ ರಂಧ್ರ ಇರೋರಿಗೆ ಸಣ್ಣ ಗುಳ್ಳೆನೂ ಮೆದುಳಿಗೆ ಹೋಗಬಹುದು, ಪ್ರೆಶರ್ ಬ್ಯಾಗ್ ಹಾಕಿದಾಗ ಗಾಳಿ ನಿಜವಾಗ್ಲೂ ನುಗ್ಗುತ್ತೆ, ಕುತ್ತಿಗೆ ಲೈನ್ ಬಿಚ್ಕೊಂಡ್ರೆ ಪೇಷಂಟ್ ಉಸಿರೆಳೆದಾಗ ಗಾಳಿ ಒಳಗೆ ಸೆಳ್ಕೊಳ್ಳುತ್ತೆ. ಹಂಗೇನಾದ್ರೂ ಆಗಿ ಇದ್ದಕ್ಕಿದ್ದಂಗೆ ಉಸಿರು ಕಟ್ಟಿ ಬಿಪಿ ಬಿದ್ರೆ, ಲೈನ್ ಕ್ಲ್ಯಾಂಪ್ ಮಾಡಿ, ಎಡಮಗ್ಗುಲಿಗೆ ತಿರುಗಿಸಿ, ತಲೆ ಕಡೆ ತಗ್ಗು ಮಾಡಿ, ಫುಲ್ ಆಕ್ಸಿಜನ್ ಹಾಕಿ, ಕೂಗಿ. ಮನೆಯೋರ ಎದುರಿಗೆ ಸೆಟ್ ಪ್ರೈಮ್ ಮಾಡಿ (ಟ್ಯೂಬಲ್ಲಿ ಮೊದಲು ಫ್ಲೂಯಿಡ್ ತುಂಬಿಸಿ) ಗುಳ್ಳೆ ತೆಗೆದು ತೋರಿಸಿದ್ರೆ ಗಲಾಟೆ ಅರ್ಧ ಕಮ್ಮಿ ಆಗುತ್ತೆ.

ಗುಳ್ಳೆಗಿಂತ ನನಗೆ ಭಯ ಇರೋದು ಬಾಟ್ಲಿ ಓಡೋ ಸ್ಪೀಡ್ ಮೇಲೆ. ಶಿಫ್ಟ್ ಮುಗಿಯೋದ್ರೊಳಗೆ ಮುಗೀಲಿ ಅಂತ ರೋಲರ್ ಪೂರ್ತಿ ಬಿಡೋದು, ಅಥವಾ ಪೇಷಂಟ್ ಬಾತ್‌ರೂಮ್‌ಗೆ ಹೋಗಿ ಬಂದು ಕೈ ನೇರ ಮಾಡಿದ ಕೂಡ್ಲೆ ಅಲ್ಲಿವರೆಗೆ ನಿಧಾನ ಇದ್ದಿದ್ದು ಧಾರೆ ಆಗೋದು. ನಮ್ಮಲ್ಲಿ ಹೆಚ್ಚಾಗಿ ಸಿಗೋ ಸೆಟ್ಟಲ್ಲಿ ಎಂಎಲ್‌ಗೆ 20 ಹನಿ, ಕವರ್ ಮೇಲೆ ಓದಿ ಖಾತ್ರಿ ಮಾಡ್ಕೊಳ್ಳಿ. 500 ಎಂಎಲ್ 4 ಗಂಟೇಲಿ ಅಂದ್ರೆ 500ನ 20ರಿಂದ ಗುಣಿಸಿ 240 ನಿಮಿಷದಿಂದ ಭಾಗಿಸಿ, ನಿಮಿಷಕ್ಕೆ ಸುಮಾರು 42 ಹನಿ. ಮೈಕ್ರೋ ಸೆಟ್ಟಲ್ಲಿ ಎಂಎಲ್‌ಗೆ 60, ಅಲ್ಲಿ ಗಂಟೆಗೆ ಎಷ್ಟು ಎಂಎಲ್ಲೋ ನಿಮಿಷಕ್ಕೆ ಅಷ್ಟೇ ಹನಿ, ಲೆಕ್ಕನೇ ಬೇಡ. ಮಕ್ಕಳಿಗೆ ಅದೇ ಸೆಟ್ಟು, ಬ್ಯೂರೆಟ್ ಇದ್ರೆ ಇನ್ನೂ ಒಳ್ಳೇದು. ವಯಸ್ಸಾದವರು, ಹಾರ್ಟು ಕಿಡ್ನಿ ತೊಂದ್ರೆ ಇರೋರು, ಬಿಪಿ ಜಾಸ್ತಿ ಆಗಿರೋ ಗರ್ಭಿಣಿಯರು, ಮತ್ತೆ ಡೆಂಗ್ಯೂ ಪೇಷಂಟ್‌ಗಳು, ಇವರ ಮೇಲೆ ಎರಡು ಕಣ್ಣಿರ್ಲಿ. ಡೆಂಗ್ಯೂಲಿ ರಕ್ತನಾಳದಿಂದ ಸೋರಿದ ನೀರು ಒಂದೆರಡು ದಿನ ಆದ್ಮೇಲೆ ತಾನಾಗೇ ವಾಪಸ್ ಬರುತ್ತೆ, ಆ ಟೈಮಲ್ಲಿ ಪ್ಲೇಟ್‌ಲೆಟ್ ಇನ್ನೂ ಕಮ್ಮಿ ಇದೆ ಅಂತ ಡ್ರಿಪ್ ಹಾಕ್ತಾನೇ ಇದ್ರೆ ಶ್ವಾಸಕೋಶ ತುಂಬುತ್ತೆ. ಒಣ ಕೆಮ್ಮು, ಮಲಗಕ್ಕಾಗದೆ ಎದ್ದು ಕೂರೋದು, ಕುತ್ತಿಗೆ ನರ ಉಬ್ಬೋದು, ನಾಡಿ ಜೋರಾಗೋದು ಕಂಡ್ರೆ ಡ್ರಿಪ್ ತೀರಾ ನಿಧಾನ ಮಾಡಿ, ಲೈನ್ ಮಾತ್ರ ತೆಗೀಬೇಡಿ, ಯೂರಿನ್ ಹೆಚ್ಚಿಸಿ ನೀರು ಇಳಿಸೋ ಲಾಸಿಕ್ಸ್ ಕೊಡಕ್ಕೆ ಅದೇ ಬೇಕು. ಕೂರಿಸಿ, ಕಾಲು ಕೆಳಗೆ ಇಳಿಬಿಡಿ, ಆಕ್ಸಿಜನ್ ಹಾಕಿ, ಸ್ಯಾಚುರೇಶನ್ ನೋಡಿ, ಡಾಕ್ಟರ್‌ಗೆ ಫೋನ್ ಮಾಡುವಾಗ ಎಷ್ಟು ಬಾಟ್ಲಿ ಹೋಗಿದೆ, ಯೂರಿನ್ ಎಷ್ಟು ಬಂದಿದೆ ಅನ್ನೋ ಲೆಕ್ಕ ಕೈಯಲ್ಲಿರ್ಲಿ.

ಡ್ರಿಪ್ ಹಾಕಿ ಬಿಟ್ಟು ಹೋಗೋ ರೋಗ ಹಳೇದು ಬಿಡಿ. 1832ರಲ್ಲಿ ಕಾಲರಾ ಬಂದಾಗ ಸ್ಕಾಟ್ಲೆಂಡಿನ ಲೀತ್‌ನಲ್ಲಿ ಥಾಮಸ್ ಲಟ್ಟಾ ಅನ್ನೋ ಡಾಕ್ಟರ್ ಮೊದಲ ಸಲ ಒಬ್ಬ ಮುದುಕಿಗೆ ನರದ ಮೂಲಕ ಉಪ್ಪು ನೀರು ಕೊಟ್ರು, ಸತ್ತೇ ಹೋಗ್ತಾಳೆ ಅಂದ್ಕೊಂಡಿದ್ದೋಳು ಅರ್ಧ ಗಂಟೇಲಿ ಕಣ್ಣು ಬಿಟ್ಟು ಮಾತಾಡಿದ್ಲು. ಲಟ್ಟಾ ಆಸ್ಪತ್ರೆ ಸರ್ಜನ್‌ಗೆ ಒಪ್ಪಿಸಿ ಹೋದ್ರು. ಮತ್ತೆ ವಾಂತಿ ಭೇದಿ ಶುರು ಆಯ್ತು, ಮತ್ತೆ ಯಾರೂ ಉಪ್ಪು ನೀರು ಕೊಡ್ಲಿಲ್ಲ, ಕೆಲವೇ ಗಂಟೇಲಿ ತೀರ್ಕೊಂಡ್ಲು.

ಚಳಿ ಬಂದ್ರೆ. ಬಾಟ್ಲಿ ಶುರು ಮಾಡಿ ಅರ್ಧ ಗಂಟೆ ಒಂದು ಗಂಟೇಲಿ ಹಲ್ಲು ಕಟಕಟ ಅಂತ ನಡುಗಿ ಜ್ವರ ಏರಿದ್ರೆ ಮಲೇರಿಯಾ ಇರಬೇಕು ಅಂತ ಕಂಬಳಿ ಹೊದಿಸಿ ಕೂರಬೇಡಿ. ಡ್ರಿಪ್ ನಿಲ್ಲಿಸಿ, ಬಾಟ್ಲಿ, ಸೆಟ್ ಎರಡನ್ನೂ ಬದಲಾಯಿಸಿ, ಬೇರೆ ಕೈಯಲ್ಲಿ ಹೊಸ ಲೈನ್ ಹಾಕಿ, ಬಿಪಿ ನೋಡಿ, ಬ್ಲಡ್ ಕಲ್ಚರ್ ಸೌಲಭ್ಯ ಇದ್ರೆ ಆಂಟಿಬಯೋಟಿಕ್ ಕೊಡೋ ಮುಂಚೆ ಸ್ಯಾಂಪಲ್ ತಗೊಳ್ಳೋಕೆ ಡಾಕ್ಟರ್‌ಗೆ ನೆನಪಿಸಿ. ಮೈಯಲ್ಲಿ ದದ್ದು, ಗಂಟಲು ಬಿಗಿತ, ಬಿಪಿ ಕುಸಿತ ಇದ್ರೆ ಅದು ಅನಾಫಿಲಾಕ್ಸಿಸ್ (ಜೀವಕ್ಕೆ ಅಪಾಯದ ಅಲರ್ಜಿ), ದೊಡ್ಡವರಿಗೆ ಅಡ್ರಿನಲಿನ್ ಅರ್ಧ ಎಂಎಲ್ ತೊಡೆ ಹೊರಭಾಗದ ಸ್ನಾಯುವಿಗೆ, ಅಲರ್ಜಿ ಇಂಜೆಕ್ಷನ್ ಏವಿಲ್ ಹುಡುಕ್ತಾ ಟೈಮ್ ಕಳೀಬೇಡಿ. ಹಾವು ಕಡಿದೋರಿಗೆ ಎಎಸ್‌ವಿ (ಹಾವಿನ ವಿಷಕ್ಕೆ ಕೊಡೋ ಮದ್ದು) ಹಾಕೋ ಮುಂಚೆ ಈ ಅಡ್ರಿನಲಿನ್ ಸಿರಿಂಜಲ್ಲಿ ಎಳೆದು ಪಕ್ಕದಲ್ಲೇ ಇಟ್ಟಿರ್ಬೇಕು.

ತೆಗೆದ ಬಾಟ್ಲೀನ ಕಸಕ್ಕೆ ಎಸೀಬೇಡಿ. ಹೆಸರು ಬರೆದು, ಬಾಯಿ ಮುಚ್ಚಿ ಎತ್ತಿಡಿ, ಬ್ಯಾಚ್ ನಂಬರ್ ಕೇಸ್ ಶೀಟಲ್ಲಿ ಬರೀರಿ. 2024ರ ನವೆಂಬರಲ್ಲಿ ಬಳ್ಳಾರೀಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರ್ಕೊಂಡಾಗ ರಿಂಗರ್ ಲ್ಯಾಕ್ಟೇಟ್ ಮೇಲೆ ಅನುಮಾನ ಬಂದು ಸರ್ಕಾರ ಒಂದು ಕಂಪನಿಯ ಫ್ಲೂಯಿಡ್ ಬಳಕೆ ನಿಲ್ಲಿಸ್ತಲ್ಲ, ಅಂಥ ಹೊತ್ತಲ್ಲಿ ಯಾರಿಗೆ ಯಾವ ಬ್ಯಾಚ್ ಹೋಯ್ತು ಅನ್ನೋದು ನರ್ಸ್ ಬರೆದಿದ್ರೆ ಮಾತ್ರ ಗೊತ್ತಾಗೋದು. ಔಷಧಿ ರಿಯಾಕ್ಷನ್ನನ್ನ ನರ್ಸ್ ಕೂಡ ನೇರ ರಿಪೋರ್ಟ್ ಮಾಡಬಹುದು, 1800-180-3024 ಅಂತ ಟೋಲ್ ಫ್ರೀ ನಂಬರ್ ಇದೆ. ಹಾಕೋ ಮುಂಚೆ ಬಾಟ್ಲೀನ ಬೆಳಕಿಗೆ ಹಿಡಿದು ನೋಡಿ, ಮೋಡ ಮೋಡ ಇದ್ರೆ, ಏನಾದ್ರೂ ತೇಲ್ತಿದ್ರೆ, ಹಿಂಡಿದಾಗ ಸೋರಿದ್ರೆ ಬೇಡ.

ನೀವು ಕೇಳಿಲ್ಲ, ಆದ್ರೂ ನೈಟ್ ಡ್ಯೂಟಿ ಅಂದ್ರಲ್ಲ ಅದಕ್ಕೆ ಹೇಳ್ತೀನಿ. ಪೊಟ್ಯಾಸಿಯಂ ಕ್ಲೋರೈಡ್ 10 ಎಂಎಲ್ ಆಂಪ್ಯೂಲಲ್ಲಿ 20 ಮಿಲಿ ಈಕ್ವಿವಲೆಂಟ್ ಇರುತ್ತೆ, ನೇರ ಪುಶ್ ಮಾಡಿದ್ರೆ ಹಾರ್ಟ್ ನಿಲ್ಲುತ್ತೆ, ವಾಪಸ್ ಬರಲ್ಲ. ಕೈ ನರದಲ್ಲಿ ಒಂದು ಲೀಟರ್‌ಗೆ 40 ಮಿಲಿ ಈಕ್ವಿವಲೆಂಟ್‌ಗಿಂತ ಜಾಸ್ತಿ ಬೆರೆಸಬಾರದು, ಮಾನಿಟರ್ ಇಲ್ಲದೆ ಗಂಟೆಗೆ 10ಕ್ಕಿಂತ ಜೋರು ಬೇಡ. ಬೆರೆಸಿದ ಮೇಲೆ ಬಾಟ್ಲೀನ ಹತ್ತು ಸಲ ಮೇಲೆ ಕೆಳಗೆ ಮಾಡಿ, ನೇತು ಹಾಕಿದ ಬಾಟ್ಲಿಗೆ ಹಂಗೇ ಚುಚ್ಚಿದ್ರೆ ಅದು ತಳದಲ್ಲೇ ಕೂತು ಮೊದಲು ಅದೇ ಹೋಗುತ್ತೆ. ಸೆಫ್ಟ್ರಿಯಾಕ್ಸೋನ್‌ನ ಆರ್‌ಎಲ್ ಓಡ್ತಿರೋ ಲೈನಲ್ಲಿ ಕೊಡ್ಬೇಡಿ, ಕ್ಯಾಲ್ಸಿಯಂ ಜೊತೆ ಸೇರಿ ಹರಳಾಗುತ್ತೆ. ರಕ್ತದ ಜೊತೆ ನಾರ್ಮಲ್ ಸಲೈನ್ ಬಿಟ್ಟು ಬೇರೇನೂ ಬೇಡ.

ಇನ್ನು ಸುಸ್ತು ಸಿಸ್ಟರ್ ಒಂದು ಗ್ಲೂಕೋಸ್ ಹಾಕಿ ಅಂತ ಬರೋರು ದಿನಾ ಇರ್ತಾರೆ. 5% ಡೆಕ್ಸ್‌ಟ್ರೋಸ್ 500 ಎಂಎಲಲ್ಲಿ ಇರೋದು 25 ಗ್ರಾಂ ಸಕ್ಕರೆ, ಐದಾರು ಟೀ ಚಮಚ. ಬಾಯಲ್ಲಿ ಕುಡಿಯೋಕೆ ಆಗ್ತಿರೋರಿಗೆ ಓಆರ್‌ಎಸ್ ಕೊಟ್ರೆ ಮೇಲೆ ಬರೆದ ಒಂದೂ ತೊಂದ್ರೆ ಬರಲ್ಲ. ಆದ್ರೆ ಇದನ್ನ ಹೇಳೋ ಧೈರ್ಯ ಡಾಕ್ಟರ್‌ಗೂ ಬೇಕು, ನಿಮ್ಮೊಬ್ರ ಮೇಲೆ ಹಾಕಲ್ಲ.

ಕೊನೇದಾಗಿ ಆ ಕೆಂಪು ಗೆರೆ ಹೆಂಗಸಿನ ವಿಷ್ಯ. ಅವರಿಗೆ ಹೇಳಿ ಕಳಿಸಿ, ಗಟ್ಟಿ ಹಗ್ಗದ ಥರ ಇರೋದು ಕರಗೋಕೆ ವಾರಗಳೇ ಹಿಡೀಬಹುದು, ಅದಕ್ಕೆ ಗಾಬರಿ ಬೇಡ. ಆದ್ರೆ ಜ್ವರ ಬಂದ್ರೆ, ಕೀವು ಕಂಡ್ರೆ, ಕೆಂಪು ಮೇಲಕ್ಕೆ ಹಬ್ತಾ ಹೋದ್ರೆ, ಇಡೀ ತೋಳೇ ಊದಿದ್ರೆ ಕಾಯದೆ ವಾಪಸ್ ಬರ್ಬೇಕು. ಡಿಸ್ಚಾರ್ಜ್ ಆಗೋ ಬೇರೆಯವರಿಗೂ ಇದೇ ಹೇಳಿ, ಕ್ಯಾನುಲಾ ತೆಗೆದ 48 ಗಂಟೆ ಒಳಗೂ ಫ್ಲೆಬೈಟಿಸ್ ಕಾಣಿಸ್ಕೊಳ್ಳಬಹುದು. ಅಜ್ಜಿ ಕೇಸ್ ಶೀಟಲ್ಲಿ ಎಷ್ಟೊತ್ತಿಗೆ ನೋಡಿದ್ರಿ, ಯಾವ ಫ್ಲೂಯಿಡ್, ಸುಮಾರು ಎಷ್ಟು ಒಳಗೆ ಹೋಗಿತ್ತು, ಊತ ಎಲ್ಲಿಂದ ಎಲ್ಲಿವರೆಗೆ, ಬೆರಳು ಅಲ್ಲಾಡಿಸ್ತಿದ್ರಾ, ಯಾವ ಡಾಕ್ಟರ್‌ಗೆ ಹೇಳಿದ್ರಿ ಅಂತ ಬರೆದಿಲ್ಲ ಅಂದ್ರೆ ಇವತ್ತಿನ ತಾರೀಖು ಹಾಕಿ ತಡವಾಗಿ ಬರೆದಿದ್ದು ಅಂತ ನಮೂದಿಸಿ ಈಗಲಾದ್ರೂ ಬರೀರಿ, ಹಿಂದಿನ ತಾರೀಖು ಹಾಕಿ ತುರುಕ್ಬೇಡಿ.